ಹ್ಯಾಂಡಲ್ ಮೇಲಿನ ಟವೆಲ್

ಕಂತು: ಏಳು

"ಕೈ ತೆಗೀರಿ ಸಾರ್, ದಮ್ಮಯ್ಯ!"

ಮ್ಯಾನೇಜರ್ ಸಂಜಯ್ ಕೂಗಿದ ಕೂಗಿಗೆ ಪಲ್ಪರ್ ಮನೆಯ ತಗಡಿನ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಸಬ್ ಇನ್‌ಸ್ಪೆಕ್ಟರ್ ವೀರಭದ್ರಯ್ಯ ಮಾತ್ರ ಕೈ ತೆಗೆಯಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಬಾಯೊಳಗೆ ಮೊಣಕೈವರೆಗೆ ತೋಳು ಇಳಿಬಿಟ್ಟು ಆರಾಮವಾಗಿ ನಿಂತಿದ್ದ.

"ಎಂಜಿನ್ ನಿಂತಿದೆಯಲ್ಲ ಮ್ಯಾನೇಜರೇ, ಯಾಕಿಷ್ಟು ಗಾಬರಿ?"

"ಗೋಡೆ ಆ ಕಡೆಯಿಂದ ಯಾರಾದ್ರೂ ಸ್ಟಾರ್ಟ್ ಮಾಡಿಬಿಟ್ರೆ?"

"ನೋಡಿ, ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ," ಎಂದು ವೀರಭದ್ರಯ್ಯ ಕೈ ಹೊರಗೆ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡ.

ಮೊನ್ನೆ ಬೆಳಗ್ಗೆ ಇದೇ ಬಾಯೊಳಗೆ ಸಿಕ್ಕಿದ್ದ ಕಲ್ಲು ತೆಗೆಯಲು ಕೈ ಹಾಕಿದ್ದವನು ನೇರಳೆಹಕ್ಲು ಎಸ್ಟೇಟಿನ ಪಲ್ಪರ್ ಆಳು ರುದ್ರಯ್ಯ. ಗೋಡೆಯಾಚೆ ಎಂಜಿನ್ ಚಾಲೂ ಆಯಿತು. ಆಸ್ಪತ್ರೆಗೆ ಹೊರಟ ಎಸ್ಟೇಟ್ ಜೀಪು ಆನೇಮಹಲ್ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು. ಎಂಜಿನ್ ಡ್ರೈವರ್ ಶಾಂತಮಲ್ಲಪ್ಪ ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದ. ಇವತ್ತು ಸರ್ಕಲ್ ಸಾಹೇಬರು ಬಂದ ತಕ್ಷಣ ಅವನ ಮೇಲೆ ಬೀಳುವುದು ಕೊಲೆ ಕೇಸೋ, ಅಜಾಗರೂಕತೆಯ ಕೇಸೋ ಎಂದು ವೀರಭದ್ರಯ್ಯ ಹೇಳಬೇಕಿತ್ತು.

ಎಲ್ಲ ನಿಂತಿದ್ದು ಒಂದು ಕೆಂಪು ಟವೆಲ್ ಮೇಲೆ.

ಎಂಜಿನ್ ಶೆಡ್ಡಿನಿಂದ ಪಲ್ಪರ್ ಕಾಣುವುದಿಲ್ಲ, ನಡುವೆ ಎತ್ತರದ ಗೋಡೆ. ಅದಕ್ಕೇ ಇಲ್ಲೊಂದು ಹಳೇ ಪದ್ಧತಿ. ಯಂತ್ರಕ್ಕೆ ಕೈ ಹಾಕುವ ಮುಂಚೆ ಪಲ್ಪರ್ ಆಳು ಗೋಡೆ ಸುತ್ತಿ ಹೋಗಿ, ಎಂಜಿನ್ ತಿರುಗಿಸಿ ಚಾಲೂ ಮಾಡಲೆಂದು ಮೊಳೆಗೆ ನೇತುಹಾಕಿರುವ ಹ್ಯಾಂಡಲ್ಲಿಗೆ ತನ್ನ ಹೆಗಲ ಟವೆಲ್ ಸುತ್ತಿ ಬರಬೇಕು. ಟವೆಲ್ ಇರುವವರೆಗೆ ಹ್ಯಾಂಡಲ್ಲನ್ನು ಮಾಲೀಕನೇ ಬಂದರೂ ಮುಟ್ಟುವ ಹಾಗಿಲ್ಲ. ಟವೆಲ್ ಇಲ್ಲದಿದ್ದರೂ ಡ್ರೈವರ್ ಹ್ಯಾಂಡಲ್ ಹೊಡೆಯುವ ಮುಂಚೆ ಹೆಸರು ಹಿಡಿದು ಕೂಗಬೇಕು. ಆ ಕಡೆಯಿಂದ "ಬಿಡು" ಎಂದು ಬಂದ ಮೇಲೇ ಎಂಜಿನ್.

ಹಣ್ಣಿನ ರಾಶಿ ಹತ್ತಿರವಿದ್ದ ಹೆಂಗಸರೆಲ್ಲ ಒಂದೇ ಮಾತು ಹೇಳಿದ್ದರು: ರುದ್ರಯ್ಯ ಟವೆಲ್ ಹೊತ್ತು ಗೋಡೆಯಾಚೆ ಹೋದ, ಬರಿಗೈಲಿ ಬಂದ. ಅನಾಹುತವಾದ ಮೇಲೆ ಮ್ಯಾನೇಜರ್ ಓಡಿ ಹೋಗಿ ನೋಡಿದರೆ ಶೆಡ್ಡಿನಲ್ಲಿ ಶಾಂತಮಲ್ಲಪ್ಪ ಇದ್ದ, ಟವೆಲ್ ಇರಲಿಲ್ಲ. "ಎಂಜಿನ್‌ಗೆ ನೀರು ತರಕ್ಕೆ ಹಳ್ಳಕ್ಕೆ ಹೋಗಿದ್ದೆ, ಬಂದಾಗ ಹ್ಯಾಂಡಲ್ ಬರಿದಾಗಿತ್ತು," ಎನ್ನುವುದು ಅವನ ಮಾತು. ನಂಬುವವರು ಯಾರು? ಹೊರಗಿನವರು ಯಾರೂ ಶೆಡ್ಡಿನ ಕಡೆ ಸುಳಿದಿರಲಿಲ್ಲ ಎಂದು ಕೇಳಿದವರೆಲ್ಲ ಹೇಳಿದ್ದರು. ಟವೆಲ್ ಮಾಯವಾದ ಸುದ್ದಿ ಹೊರಗೆ ಬಿಡಕೂಡದೆಂದು ವೀರಭದ್ರಯ್ಯ ಮೊದಲ ದಿನವೇ ತಾಕೀತು ಮಾಡಿದ್ದ. ಮ್ಯಾನೇಜರಿಗೆ, ಶಾಂತಮಲ್ಲಪ್ಪನಿಗೆ, ಸತ್ತವನ ಹೆಂಡತಿ ನಾಗರತ್ನಮ್ಮನಿಗೆ, ಠಾಣೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ರುದ್ರಯ್ಯ, ಶಾಂತಮಲ್ಲಪ್ಪ ಇಬ್ಬರೂ ಒಂದೇ ತಟ್ಟೇಲಿ ಉಂಡೋರಂತೆ. ಮಾತು ಬಿಟ್ಟಿದ್ದು ಸೂಪರ್‌ವೈಸರ್ ಕೆಲಸಕ್ಕಾಗಿ ಅಂತ ನೀವೇ ನಿನ್ನೆ ಹೇಳಿದ್ರಿ," ಎಂದ ವೀರಭದ್ರಯ್ಯ. "ಆ ಕೆಲಸ ಯಾರಿಗೆ ಕೊಡ್ತೀನಿ ಅಂದಿದ್ರಿ?"

ಸಂಜಯ್ ಬೂಟಿನ ತುದಿಯಿಂದ ಒಣಸಿಪ್ಪೆ ಕೆದಕಿದ. ಮೂವತ್ತು ದಾಟಿರದ ಹುಡುಗ. ಎರಡು ದಿನದಿಂದ ಗಡ್ಡ ತೆಗೆದಿರಲಿಲ್ಲ.

"ರುದ್ರಯ್ಯಂಗೆ ಅಂತಾಳೆ ನಾಗರತ್ನಮ್ಮ. ತನಗೇ ಅಂತಾನೆ ಶಾಂತಮಲ್ಲಪ್ಪ. ಇಬ್ಬರಲ್ಲಿ ಸುಳ್ಳು ಯಾರದು?"

"ಸುಳ್ಳು ನಂದು ಸಾರ್," ಎಂದ ಸಂಜಯ್.

ಬಾಯಿ ಬಿಡುವವರನ್ನು ನಡುವೆ ತಡೆಯಬಾರದು ಎಂಬುದು ವೀರಭದ್ರಯ್ಯ ಇಷ್ಟು ವರ್ಷದ ಖಾಕಿಯಲ್ಲಿ ಕಲಿತಿದ್ದ ಒಳ್ಳೇ ಪಾಠ.

"ಇಬ್ಬರಿಗೂ ಬೇರೆ ಬೇರೆ ಕರೆದು ಹೇಳಿದ್ದೆ, ಕೆಲಸ ನಿನಗೇ, ಇನ್ನೊಬ್ಬನಿಗೆ ಹೇಳ್ಬೇಡ, ಅವನ ಮೇಲೊಂದು ಕಣ್ಣಿಟ್ಟಿರು ಅಂತ. ನಾನು ಹೊಸಬ. ಇಲ್ಲಿ ಯಾರೂ ನನ್ನ ಹತ್ರ ಏನೂ ಹೇಳ್ತಿರಲಿಲ್ಲ. ಪೈಪೋಟಿ ಇದ್ರೆ ಕೆಲಸಾನೂ ಜೋರಾಗುತ್ತೆ, ಸುದ್ದೀನೂ ಬರುತ್ತೆ ಅಂದ್ಕೊಂಡೆ."

"ಸುದ್ದಿ ಬಂತಾ?"

"ದಿನಾ ಬಂತು. ಇವನು ಡೀಸೆಲ್ ಮಾರ್ಕೊತಾನೆ ಅಂತ ಅವನು. ಅವನು ಕುಡಿದು ಕೆಲಸಕ್ಕೆ ಬರ್ತಾನೆ ಅಂತ ಇವನು."

"ನಿಜವಾ?"

"ಎರಡೂ ಸುಳ್ಳು."

"ಕೆಲಸ ಜೋರಾಯ್ತಾ?"

ಸಂಜಯ್ ಹಣ್ಣಿನ ರಾಶಿ ಕಡೆ ಕೈ ತೋರಿಸಿದ. ಪಲ್ಪರ್ ನಿಂತು ಹಣ್ಣೆಲ್ಲ ಕಪ್ಪಿಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು.

"ಕೆಟ್ಟುಹೋಯ್ತು ಸಾರ್. ಮುಂಚೆ ಹಣ್ಣು ಜಾಸ್ತಿ ಬಿದ್ರೆ ರುದ್ರಯ್ಯ ಗೋಡೆ ಬಡಿದು 'ನಿಧಾನ ಮಾಡೋ ಮಲ್ಲ' ಅನ್ನೋನು, ಶಾಂತಮಲ್ಲಪ್ಪ ಎಂಜಿನ್ ವೇಗ ಇಳಿಸೋನು. ಮಾತು ಬಿಟ್ಟ ಮೇಲೆ ಇವನು ಬಡಿಯಲ್ಲ, ಅವನು ಇಳಿಸಲ್ಲ. ಕಾಫಿ ಬೇಳೆ ಕತ್ತರಿಸಿ ಬರೋದು, ದಿನಾ ಒಂದು ಕಡೆ ಕಲ್ಲು ಸಿಕ್ಕೊಳ್ಳೋದು. ನಾನು ಇಬ್ಬರನ್ನೂ ಬೈಯೋದು. ಬೈದಷ್ಟೂ ಇನ್ನೊಬ್ಬನ ಮೇಲೆ ಹಾಕೋರು." ಅವನು ರಾಶಿಯಿಂದ ಒಂದು ಹಣ್ಣು ಎತ್ತಿ ಹಿಚುಕಿ ಎಸೆದ. "ಇಬ್ಬರನ್ನೂ ಒಟ್ಟಿಗೆ ಕೂರಿಸಿ, ನಾನು ಸುಳ್ಳು ಹೇಳಿದ್ದೆ ಕಣ್ರಪ್ಪ ಅಂದಿದ್ರೆ ಮುಗೀತಿತ್ತು. ಮರ್ಯಾದೆ ಅಡ್ಡ ಬಂತು."

ವೀರಭದ್ರಯ್ಯನಿಗೆ ಬೈಯಬೇಕೆನ್ನಿಸಿತು. ನಾಲಿಗೆ ತುದಿಗೆ ಒಳ್ಳೊಳ್ಳೇ ಮಾತೇ ಬಂದಿದ್ದವು. ಆದರೆ ಹುಡುಗನ ಮುಖ ನೋಡಿ ನುಂಗಿಕೊಂಡ.

"ಆ ಮಾತು ನಾಗರತ್ನಮ್ಮನ ಮುಂದೆ ಹೇಳ್ಬೇಕಾಗುತ್ತೆ, ತಯಾರಾಗಿರಿ," ಎಂದಷ್ಟೇ ಹೇಳಿ ಜೀಪಿನತ್ತ ನಡೆದ.

---

ಜೀಪಿನ ಚಕ್ರ ಹಿಡಿದು ಕೂತಿದ್ದವನು ಹೆಡ್ ಕಾನ್‌ಸ್ಟೇಬಲ್ ಸಿದ್ದಬಸಪ್ಪ. ಆಲೂರು ಕಡೆ ಕುಂದೂರಿನವನು, ಗಟ್ಟಿ ಆಳು. ಠಾಣೆಯಲ್ಲಿ ಇವನಷ್ಟು ಚುರುಕು ಕಣ್ಣಿನವನು ಇನ್ನೊಬ್ಬನಿರಲಿಲ್ಲ.

ಹಾಗಿದ್ದರೂ ವೀರಭದ್ರಯ್ಯ ಅವನ ಜೊತೆ ಮಾತಾಡಿ ಒಂದು ಮಳೆಗಾಲ ಕಳೆದಿತ್ತು. "ಬಾ," "ಹೋಗು," "ಫೈಲ್ ತಾ," ಇಷ್ಟೇ. ಯಾರೋ ಕಿವಿ ಊದಿದ್ದರು, ಸಿದ್ದಬಸಪ್ಪ ನಿಮ್ಮ ಮೇಲೆ ಸರ್ಕಲ್ ಸಾಹೇಬರ ಹತ್ತಿರ ಚಾಡಿ ಹೇಳಿದ್ದಾನೆ ಎಂದು. ವೀರಭದ್ರಯ್ಯ ಹೌದೋ ಅಲ್ಲವೋ ಎಂದು ಕೇಳಲೂ ಇಲ್ಲ. ಅವತ್ತಿನಿಂದ ಬಂದೋಬಸ್ತು, ಪಹರೆ, ಸಮನ್ಸು ಹಂಚುವುದು ಎಲ್ಲ ಸಿದ್ದಬಸಪ್ಪನ ತಲೆಗೆ ಕಟ್ಟಿದ.

ಹೆಗ್ಗದ್ದೆ ತಿರುವು ದಾಟುವವರೆಗೂ ಜೀಪಿನ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ವೀರಭದ್ರಯ್ಯನ ಕಿವಿಯಲ್ಲಿ ಮಾತ್ರ ಆ ಹುಡುಗ ಹೇಳಿದ್ದೇ ಸುತ್ತುತ್ತಿತ್ತು. ಇವನು ಬಡಿಯಲ್ಲ, ಅವನು ಇಳಿಸಲ್ಲ. ಛೆ, ಆ ಮ್ಯಾನೇಜರಿಗೆ ಬೈಯಲು ಹೊರಟಿದ್ದೆನಲ್ಲ, ನಾನೇನು ಕಮ್ಮಿ ಎಂದುಕೊಂಡ. ಹಾಗೆ ಅನ್ನಿಸಿದ್ದೇ ತಡ ನಾಚಿಕೆಯಾಯಿತು.

"ಸಿದ್ದಬಸಪ್ಪ, ಗಾಡಿ ನಿಲ್ಸಪ್ಪ."

ಜೀಪು ನಿಂತಿತು. ಸಿದ್ದಬಸಪ್ಪ ಮುಂದೆ ನೋಡುತ್ತಲೇ ಕೂತಿದ್ದ.

"ನನ್ನ ಮೇಲೆ ಸರ್ಕಲ್ ಸಾಹೇಬರ ಹತ್ರ ಏನಾರ ಹೇಳಿದ್ಯಾ?"

"ಇಲ್ಲ ಸಾರ್."

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ ಮಾರಾಯ?"

"ನೀವು ಕೇಳ್ಲೇ ಇಲ್ವಲ್ಲ ಸಾರ್. ಕೇಳ್ತೀರೇನೋ ಅಂತ ನಾನೂ ಕಾದೆ. ಆಮೇಲೆ ನಂಗೂ ಹಟ ಬಂದ್ಬುಡ್ತು."

"ತಪ್ಪಾಯ್ತು ಕಣಯ್ಯ," ಎಂದ ವೀರಭದ್ರಯ್ಯ. ಅಧಿಕಾರಿಯ ಬಾಯಲ್ಲಿ ಅಷ್ಟು ಸಲೀಸಾಗಿ ಬರುವ ಮಾತಲ್ಲ ಅದು. ಬಂದ ಮೇಲೆ ಎದೆ ಸ್ವಲ್ಪ ಹಗುರವಾಯಿತು.

ಆದರೆ ಸಿದ್ದಬಸಪ್ಪನ ಮುಖ ಹಗುರವಾಗಲಿಲ್ಲ. ಅವನು ಕೆಳಗಿಳಿದು, ಸೀಟು ಎತ್ತಿ, ಅಡಿಯಿಂದ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ವೀರಭದ್ರಯ್ಯನ ತೊಡೆಯ ಮೇಲಿಟ್ಟ.

"ಇದನ್ನ ಮೊನ್ನೆನೇ ಕೊಡ್ಬೇಕಿತ್ತು ಸಾರ್. ಹೇಳಕ್ಕೆ ಅಂತ ಬಂದೆ. 'ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು' ಅಂದ್ರಿ. ಸರಿ, ಕೇಳ್ಲಿ ಆಗ ಕೊಡಾನ ಅಂತ ಇಟ್ಕೊಂಡ್ಬುಟ್ಟೆ."

ಪೇಪರು ಬಿಡಿಸಿದರೆ ಕೆಂಪು ಟವೆಲ್. ಒಂದು ಮೂಲೆಯಲ್ಲಿ ಬೀಡಿ ಕಿಡಿ ಬಿದ್ದ ತೂತು. ನಾಗರತ್ನಮ್ಮ ಅಳುತ್ತಾ ಹೇಳಿದ್ದ ಗುರುತು ಅದೇ.

"ಎಲ್ಲಿ ಸಿಕ್ತು?"

"ಲೈನಿನಲ್ಲಿ ಸಾರ್, ಆಳುಗಳ ಮನೆ ಸಾಲಲ್ಲಿ. ಶಾಂತಮಲ್ಲಪ್ಪನ ಮನೆ ಬೇಲಿ ಮೇಲೆ ಒಣಗ್ತಿತ್ತು."

ಎರಡು ದಿನದಿಂದ ಠಾಣೆಯವರು ಎಸ್ಟೇಟೆಲ್ಲ ಜಾಲಾಡಿದ ವಸ್ತು ವೀರಭದ್ರಯ್ಯನ ಜೀಪಿನ ಸೀಟಿನ ಅಡಿಯಲ್ಲೇ ಇತ್ತು. ಯಾರನ್ನು ಬೈಯುವುದು? ಮುಚ್ಚಿಟ್ಟವನನ್ನೋ, ಬಾಯಿ ಮುಚ್ಚಿಸಿದವನನ್ನೋ?

ಅವನು ಟವೆಲನ್ನು ಬೆಳಕಿಗೆ ಹಿಡಿದ. ಒಗೆದು ಹಿಂಡಿದ್ದರೂ ಹಗ್ಗದ ಹಾಗೆ ಹೊಸೆದ ನಿರಿಗೆಗಳು ಹೋಗಿರಲಿಲ್ಲ. ನಡುವೆ ಮಸಿಯ ಕಲೆ, ಬಳೆಯಂತೆ ದುಂಡಗೆ. ಎಂಜಿನ್ ಎಣ್ಣೆಯಲ್ಲ, ಒಲೆಯ ಮಸಿ.

"ಅವನು ಕದ್ದು ಮನೆಗೆ ಒಯ್ದಿದ್ರೆ ಸುಡ್ತಿದ್ದ, ಬೇಲಿ ಮೇಲೆ ಹರವ್ತಿದ್ನಾ?" ಎಂದ ಸಿದ್ದಬಸಪ್ಪ.

"ಅದೇ ನಂಗೂ ಅರ್ಥ ಆಗ್ತಿಲ್ಲ. ನಡಿ, ಬೇಗ ನಡಿ."

---

ಠಾಣೆಯ ಜಗಲಿಯ ಮೇಲೆ ಶಾಂತಮಲ್ಲಪ್ಪನ ಹೆಂಡತಿ ಕಮಲಮ್ಮ ಆಗಷ್ಟೇ ಬಂದು ನಿಂತಿದ್ದಳು. ಬಸ್ಸಿಳಿದು ಗಂಡನಿಗೆ ಮುದ್ದೆ, ಸಾರು ತಲೆ ಮೇಲೆ ಹೊತ್ತು ತಂದಿದ್ದಳು. ಪಾತ್ರೆ ಇಳಿಸಿದಳು. ತಲೆಯ ಮೇಲೆ ಉಳಿದ ಸಿಂಬೆಯನ್ನು ತೆಗೆದು ಕೊಡವಿದಳು. ಹಳೇ ಸೀರೆಯ ತುಂಡನ್ನು ಹೊಸೆದು ದುಂಡಗೆ ಸುತ್ತಿದ್ದ ಸಿಂಬೆ.

ಬಿಚ್ಚಿಕೊಂಡ ಬಟ್ಟೆಯ ಮೇಲೆ ಮಸಿಯ ಬಳೆಯಿತ್ತು.

ವೀರಭದ್ರಯ್ಯ ಮೆಟ್ಟಿಲ ಮೇಲೇ ನಿಂತುಬಿಟ್ಟ. ಕಂಕುಳಲ್ಲಿದ್ದ ಪೇಪರ್ ಗಂಟನ್ನು ಬೆನ್ನ ಹಿಂದೆ ಸರಿಸಿದ.

"ಸಾರ್, ಇವ್ರನ್ನ ಯಾವಾಗ ಬಿಡ್ತೀರಾ?" ಕಮಲಮ್ಮ ಕೈ ಮುಗಿದಳು. "ಮನೇಲಿ ಮಗಳು ಹಸೀ ಬಾಣಂತಿ. ನಾನು ಈ ಕಡೆ ಬಂದ್ರೆ ನೀರು ಹುಯ್ಯೋರೂ ಇಲ್ಲ. ಲೈನಿನಲ್ಲಿ ಒಂದು ನರಪಿಳ್ಳೆ ನಮ್ಮನ್ನ ಮಾತಾಡ್ಸ್ತಿಲ್ಲ."

"ಬಾಣಂತಿಗೆ ಬಿಸಿನೀರು ಎಲ್ಲಿಂದ ತರ್ತೀಯಮ್ಮ?" ಕೇಳಬಾರದು ಅಂದುಕೊಂಡರೂ ಪ್ರಶ್ನೆ ಬಾಯಿಂದ ಹೊರಗೆ ಬಿದ್ದಾಗಿತ್ತು.

"ಎಂಜಿನ್ ತಣ್ಣಗೆ ಮಾಡೋ ಡ್ರಮ್ಮಲ್ಲಿ ಕುದಿಯೋ ಅಂಗೆ ನೀರು ಇರ್ತೈತಲ್ಲ ಸಾರ್, ಅದೇ. ಮುಂಚೆ ರುದ್ರಣ್ಣನೇ ಉಣ್ಣಕ್ಕೆ ಬರೋವಾಗ ಒಂದು ಡಬ್ಬ ತಂದು ಬಾಗ್ಲಲ್ಲಿ ಇಟ್ಟು ಹೋಗೋರು. 'ನಮ್ಮ ಕೂಸಿಗೆ ನೀರು ಕಣಮ್ಮ' ಅನ್ನೋರು. ಇವ್ರಿಬ್ರೂ ಮಾತು ಬಿಟ್ಟ ಮೇಲೆ ಅದೂ ನಿಂತೋಯ್ತು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದಕ್ಕೇ ನಾನೇ ಬಿಂದಿಗೆ ತಗಂಡು ಎಂಜಿನ್ ಮನೇಗೆ ಹೋಗಕ್ಕೆ ಶುರು ಮಾಡ್ದೆ. ಮೊನ್ನೆನೂ ಹೋಗಿದ್ದೆ. ಇವ್ರು ಹಳ್ಳಕ್ಕೆ ಹೋಗಿದ್ರು. ನೀರು ತುಂಬ್ಕಂಡು ಮನೇಗೆ ಬಂದೆ. ಅಷ್ಟ್ರಲ್ಲಿ ಆ ಕಡೆ ಕೂಗಾಟ ಕೇಳ್ತು. ಅಯ್ಯೋ, ಆ ಪುಣ್ಯಾತ್ಮನ್ನ ಕೊನೇಗೆ ಒಂದು ಸಲ ಮಾತೂ ಆಡ್ಸ್ಲಿಲ್ಲ ಸಾರ್."

ಹೊರಗಿನವರು ಯಾರಾದರೂ ಶೆಡ್ಡಿನ ಕಡೆ ಬಂದಿದ್ದರೇ ಎಂದು ಅವನೇ ಎಲ್ಲರನ್ನೂ ಕೇಳಿದ್ದ. ಇಲ್ಲ ಎಂದಿದ್ದರು. ನೀರಿಗೆ ಹೋಗುವ ಕಮಲಮ್ಮ ಯಾರ ಲೆಕ್ಕದಲ್ಲಿ ಹೊರಗಿನವಳು?

ಅವತ್ತು ಸಿಂಬೆ ತಗೊಂಡು ಹೋಗಿದ್ದೆಯಾ? ಆ ಒಂದು ಪ್ರಶ್ನೆ ಉಳಿದಿತ್ತು. ವೀರಭದ್ರಯ್ಯ ಅದನ್ನು ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಹೇಳುತ್ತಿದ್ದಳು. ಹೇಳಿದ ಮೇಲೆ ಯಾಕೆ ಕೇಳಿದಿರಿ ಎನ್ನುತ್ತಿದ್ದಳು.

"ಇಲ್ಲೇ ಕೂತಿರಮ್ಮ," ಎಂದು ಒಳಗೆ ಹೋದ.

---

ಒಳಕೋಣೆಯಲ್ಲಿ ಶಾಂತಮಲ್ಲಪ್ಪ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದ. ದಪ್ಪ ಕೈಗಳು, ಉಗುರಿನ ಸಂದಿನಲ್ಲಿ ಇನ್ನೂ ಡೀಸೆಲ್ ಕಪ್ಪು.

ವೀರಭದ್ರಯ್ಯ ಬಾಗಿಲು ಮುಂದೆ ತಳ್ಳಿ ಎದುರು ಕೂತ. "ಒಂದೇ ಮಾತು ಕೇಳ್ತೀನಿ, ನಿಜ ಹೇಳು. ಹ್ಯಾಂಡಲ್ ಹೊಡೆಯೋ ಮುಂಚೆ ಕೂಗಿದ್ಯಾ?"

ಶಾಂತಮಲ್ಲಪ್ಪ ಉಗುರಿನ ಕಪ್ಪನ್ನು ಕೆರೆದ.

"ಇಲ್ಲ ಸಾರ್."

"ಯಾಕೆ?"

"ಮಾತು ಬಿಟ್ಟ ಮೇಲೆ ಕೂಗದ್ನೂ ಬಿಟ್ಬುಟ್ಟಿದ್ದೆ. ನಾನ್ಯಾಕೆ ಅವನ ಹೆಸರು ಎತ್ಲಿ ಅಂತ ಜಂಬ. ಟವೆಲ್ ಇದ್ರೆ ಹೊಡೆಯಲ್ಲ, ಇಲ್ದಿದ್ರೆ ಹೊಡೀತೀನಿ, ಅಷ್ಟೇ ಅಂತ ಇದ್ದೆ." ಅವನು ಹಣೆ ಹಣೆ ಬಡಿದುಕೊಂಡ. "ಒಂದು ಸಲ 'ರುದ್ರಣ್ಣಾ' ಅಂದಿದ್ರೆ ಸಾಕಾಗಿತ್ತು. ಹೆಸರು ಕರೆಯಕ್ಕೆ ನಂದೇನು ಗಂಟು ಹೋಗ್ತಿತ್ತು ಸಾರ್? ಸೂಪರ್‌ವೈಸರ್ ಆಯ್ತೀನಂತೆ, ಸೂಪರ್‌ವೈಸರ್!"

ಅವನ ಅಳು ನಿಲ್ಲುವವರೆಗೆ ವೀರಭದ್ರಯ್ಯ ಕಾದ. ಸುಳ್ಳುಗಾರರ ಅಳು ಅವನು ಬೇಕಾದಷ್ಟು ನೋಡಿದ್ದ, ಇದು ಅದಲ್ಲ. ಇವನನ್ನು ಬಿಡಿಸಬಹುದು ಎಂಬ ಧೈರ್ಯದಲ್ಲೇ ಅವನು ಗಂಟು ಬಿಚ್ಚಿ ಟವೆಲನ್ನು ಮೇಜಿನ ಮೇಲೆ ಹರವಿದ.

ಶಾಂತಮಲ್ಲಪ್ಪ ಮೂಲೆಯ ತೂತನ್ನು ಮುಟ್ಟಿ ನೋಡಿದ. "ರುದ್ರಣ್ಣಂದು. ಎಲ್ಲಿತ್ತು ಸಾರ್?"

"ನಿಮ್ಮ ಮನೆ ಬೇಲಿ ಮೇಲೆ."

"ನಮ್ಮನೆ ಬೇಲಿ ಮೇಲಾ?" ಅವನಿಗೆ ಗೊತ್ತಾಗಲಿಲ್ಲ. ಕಣ್ಣು ಟವೆಲಿನ ಮೇಲೆ ಓಡಿತು. ಹೊಸೆದ ನಿರಿಗೆ, ಮಸಿಯ ದುಂಡು ಕಲೆ. ಬೆರಳು ಆ ಕಲೆಯ ಸುತ್ತ ಬಂದು ತಟ್ಟನೆ ನಿಂತಿತು. ಜಗಲಿಯಿಂದ ಕಮಲಮ್ಮನ ದನಿ ಕೇಳುತ್ತಿತ್ತು, ಯಾರನ್ನೋ ಕುಡಿಯಲು ನೀರು ಕೇಳುತ್ತಿದ್ದಳು.

ಅವನು ಬಾಗಿಲ ಕಡೆ ನೋಡಿದ, ಮತ್ತೆ ಟವೆಲ್ ನೋಡಿದ.

"ನಾನೇ ತೆಗ್ದೆ ಸಾರ್."

"ಮಲ್ಲಪ್ಪ."

"ನಾನೇ ತೆಗ್ದೆ. ಬರ್ಕಳಿ. ಬೇಕು ಅಂತ್ಲೇ ತೆಗ್ದೆ."

"ಸುಳ್ಳು ಹೇಳ್ಬೇಡ. ಎರಡು ದಿನದಿಂದ ಮುಟ್ಟಿಲ್ಲ ಅಂದೋನು ನೀನು. ಯಾರು ತೆಗೆದ್ರು ಅಂತ ನಿಂಗೂ ಗೊತ್ತಾಯ್ತು, ನಂಗೂ ಗೊತ್ತು. ತಿಳೀದೆ ಆಗಿದ್ದು. ಆ ಪದ್ಧತಿ ಅವಳಿಗೆ ಯಾರು ಹೇಳಿದ್ರು? ಇದ್ದದ್ದನ್ನ ಇದ್ದ ಹಾಗೆ ಬರೆದ್ರೆ ಕೊಲೆ ಕೇಸು ನಿಲ್ಲಲ್ಲ."

"ಬರೆದ್ರೆ ಅವಳಿಗೆ ಗೊತ್ತಾಯ್ತದೆ!" ಶಾಂತಮಲ್ಲಪ್ಪ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ. "ಅಣ್ಣ ಅನ್ನೋಳು ಸಾರ್ ಅವ್ನ. ತಾನೇ ತೆಗ್ದೆ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ಮನೇಲಿ ಹಸುಗೂಸು ಐತೆ. ಜೈಲಿಗೆ ನಾನು ಹೋಯ್ತೀನಿ. ಕೂಗದೇ ಇದ್ದೋನು ನಾನೇ ತಾನೆ? ನಂಗೆ ಸಲ್ಲಬೇಕಾದ್ದೇ."

"ಕೊಲೆಗಾರ ಅಂತಾರಪ್ಪ. ನಾಗರತ್ನಮ್ಮ ಸಾಯೋವರೆಗೂ ನಿಂಗೆ ಶಾಪ ಹಾಕ್ತಾಳೆ."

"ಹಾಕ್ಲಿ."

ಈ ಟವೆಲ್ ಮೊನ್ನೆಯೇ ಕೈಗೆ ಬಂದಿದ್ದರೆ ಎಲ್ಲ ನಿಧಾನವಾಗಿ, ಮೆಲ್ಲಗೆ, ಮೊದಲು ಹೆಂಗಸರ ಬಾಯಲ್ಲಿ ಹೇಳಿಸಿ ಕಮಲಮ್ಮನಿಗೆ ಸಮಾಧಾನ ಮಾಡಬಹುದಿತ್ತು. ಎರಡು ದಿನವನ್ನು ವೀರಭದ್ರಯ್ಯ ತಾನೇ ಹಾಳು ಮಾಡಿದ್ದ. ಅಂಗಳದಲ್ಲಿ ಜೀಪಿನ ಸದ್ದಾಯಿತು. ಸರ್ಕಲ್ ಸಾಹೇಬರು ಬಂದರು.

ಆ ಸದ್ದು ಕೇಳಿದ್ದೇ ತಡ ಶಾಂತಮಲ್ಲಪ್ಪ ಎದ್ದು ನಿಂತು, ಹೊರಗಿನವರಿಗೆ ಕೇಳಲೆಂದೇ, ಎಂಜಿನ್ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲಲ್ಲಿ ಕೂಗಿದ: "ಆ ಟವೆಲ್ ನಾನೇ ತೆಗ್ದೆ! ರುದ್ರಣ್ಣನ್ನ ನಾನೇ ಕೊಂದೆ!"

ಬಾಗಿಲು ತೆರೆಯಿತು. ಮುದ್ದೆ ತಟ್ಟೆ ಹಿಡಿದು ನಿಂತಿದ್ದಳು ಕಮಲಮ್ಮ. ಅವಳ ಬೆನ್ನ ಹಿಂದೆ ಸರ್ಕಲ್ ಸಾಹೇಬರ ಟೋಪಿ.

"ಏನ್ರೀ ಹಂಗಂದ್ರೆ? ಯಾವ ಟವೆಲ್ರೀ?"

ವೀರಭದ್ರಯ್ಯ ಮೇಜಿನ ಕಡೆ ಕೈ ಚಾಚಿದ. ತಡವಾಗಿತ್ತು. ಅವಳ ಕಣ್ಣು ಅದರ ಮೇಲೆ ಬಿದ್ದಾಗಿತ್ತು.

"ಅಯ್ಯೋ, ಇದು ಇಲ್ಲಿಗೆ ಹೆಂಗೆ ಬಂತು? ಮೊನ್ನೆ ಸಿಂಬೆ ಮರ್ತೋಗಿ ಹ್ಯಾಂಡಲ್ ಮೇಲಿದ್ದ ನಿಮ್ಮ ಟವೆಲ್ನೇ ಸುತ್ಕಂಡು ಬಂದಿದ್ನಲ್ಲ, ಬೇಲಿ ಮೇಲಿಂದ ಯಾರೋ ಹೊಡ್ಕಂಡು ಹೋದ್ರು ಅಂತ ಹುಡುಕ್ತಾನೇ ಇದ್ದೆ."